ಪಾಸಾಗುವುದು ಬೇರೆ, ಸೀಟಿಗೆ ಅರ್ಹರಾಗುವುದು ಬೇರೆ

ಸವಣೂರು ತಾಲೂಕಿನ ಓದುಗರೊಬ್ಬರು ಬರೆದ ಪತ್ರ:

"ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಕೃಷಿ ಅಧಿಕಾರಿ ಆಗಬೇಕು ಅಂತಾಳೆ. ಜೀವಶಾಸ್ತ್ರ ಅಂದರೆ ಪ್ರಾಣ, ಗಣಿತ ಅಂದರೆ ಜ್ವರ. ಗಣಿತ ಬಿಟ್ಟು ಸೈನ್ಸ್ ಮಾಡಲು ಬರುತ್ತದೆಯೇ? ಈಗ ಪಿಯುಸಿಯಲ್ಲಿ 600ಕ್ಕೆ 198 ಬಂದರೆ ಪಾಸಂತೆ, ಹಾಗಾದರೆ ಸೈನ್ಸ್ ಹಗುರಾದಂತೆ ಅಲ್ಲವೇ? ನಮ್ಮ ಷಡ್ಕರು ಕೆಎಎಸ್ ಬರೆಯಬೇಕಾದರೆ ಆರ್ಟ್ಸೇ ಆಗಬೇಕು ಅಂತಾರೆ. ಇನ್ನೊಬ್ಬರು ಮಗಳನ್ನು ಕೊಪ್ಪಳದಲ್ಲಿರುವ ನನ್ನ ತಂಗಿಯ ಮನೆಯಲ್ಲಿಟ್ಟು ಓದಿಸಿದರೆ 371ಜೆ ಮೀಸಲಾತಿ ಸಿಗುತ್ತದೆ ಅಂತಾರೆ. ಹುಬ್ಬಳ್ಳಿಯಲ್ಲಿ ಎಲ್ಲರೂ ಕನ್ನಡ ಬಿಟ್ಟು ಸಂಸ್ಕೃತ ತಗೋ ಅಂತಾರೆ. ಯಾರ ಮಾತು ಕೇಳಲಿ?"

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು 198ರ ಮಾತನ್ನೇ ಎತ್ತಿಕೊಳ್ಳೋಣ. ಉಳಿದ ಗೊಂದಲಗಳಿಗಿಂತ ಇದು ಹೆಚ್ಚು ಮಕ್ಕಳನ್ನು ಕೆಡವುವ ಗುಂಡಿ.

ದ್ವಿತೀಯ ಪಿಯುಸಿಗೆ ಆರು ವಿಷಯ. ಎರಡು ಭಾಷೆ, ನಾಲ್ಕು ಐಚ್ಛಿಕ, ತಲಾ 100. ಒಟ್ಟು 600. ಪ್ರಥಮ ಪಿಯುಸಿ ಪಾಸಾಗಲೇಬೇಕು, ಆದರೆ ಅದರ ಅಂಕ ಈ 600ರಲ್ಲಿ ಸೇರುವುದಿಲ್ಲ. ಮೊದಲು ಪ್ರತಿ ವಿಷಯಕ್ಕೆ 35 ಬೇಕಿತ್ತು. 2025ರ ಅಕ್ಟೋಬರಿನಲ್ಲಿ ಸರ್ಕಾರ ಪ್ರಕಟಿಸಿದ ನಿಯಮದಂತೆ ಒಟ್ಟಾರೆ ಶೇ 33, ಅಂದರೆ 198 ಅಂಕ ಬರಬೇಕು, ಜತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ 30 ಇರಬೇಕು. ನಿಮಗೆ ಮಾತು ಹೇಳಿದವರು ಮೊದಲರ್ಧ ಹೇಳಿ ಎರಡನೆಯದನ್ನು ನುಂಗಿದ್ದಾರೆ. ಕನ್ನಡದಲ್ಲಿ 90 ತೆಗೆದ ಹುಡುಗಿ ಭೌತಶಾಸ್ತ್ರದಲ್ಲಿ 24ಕ್ಕೆ ನಿಂತರೆ ಒಟ್ಟು 300 ದಾಟಿದ್ದರೂ ಫೇಲೇ.

ಈಗ ಒಂದು ಅಂಕಪಟ್ಟಿ ಕಲ್ಪಿಸಿಕೊಳ್ಳಿ. ಕನ್ನಡ 62, ಇಂಗ್ಲಿಷ್ 36, ಭೌತಶಾಸ್ತ್ರ 31, ರಸಾಯನಶಾಸ್ತ್ರ 32, ಗಣಿತ 30, ಜೀವಶಾಸ್ತ್ರ 41. ಕೂಡಿಸಿದರೆ 232. ಪಾಸು, ಮನೆಯಲ್ಲಿ ಪೇಢೆಯೂ ಹಂಚಿದ್ದಾಯಿತು. ಈ ಪಟ್ಟಿ ಹಿಡಿದು ಇಂಜಿನಿಯರಿಂಗ್ ಸೀಟಿಗೆ ಹೋದರೆ ಅಲ್ಲಿ ಭೌತ, ರಸಾಯನ, ಗಣಿತ ಮೂರನ್ನೇ ಕೂಡಿಸಿ ನೋಡುತ್ತಾರೆ. 31, 32, 30 ಸೇರಿ 93. ಸಾಮಾನ್ಯ ವರ್ಗಕ್ಕೆ 300ಕ್ಕೆ 135, ಅಂದರೆ ಶೇ 45 ಬೇಕು. ಪರಿಶಿಷ್ಟರಿಗೆ, ಪ್ರವರ್ಗ-1, 2ಎ, 2ಬಿ, 3ಎ, 3ಬಿಗೆ ಶೇ 40, ಅಂದರೆ 120. 93 ಎರಡಕ್ಕೂ ಸಾಲದು. ನೀಟ್ ಮೂಲಕ ವೈದ್ಯಕೀಯಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ 150, ಮೀಸಲು ವರ್ಗಕ್ಕೆ 120 ಬೇಕು. ಇಲ್ಲಿ ಕೂಡಿಸಿದರೆ 104. ಕನ್ನಡದ 62 ಒಟ್ಟು ಅಂಕ ಏರಿಸಿತೇ ಹೊರತು ಈ ಎರಡು ಲೆಕ್ಕದೊಳಗೆ ಕಾಲಿಡಲೇ ಇಲ್ಲ. ಪಾಸಿನ ಗೆರೆ ಕೆಳಗಿಳಿದಿದೆ, ಸೀಟಿನ ಗೆರೆ ಇದ್ದಲ್ಲೇ ಇದೆ.

ಅದಕ್ಕೆ ಕಾಂಬಿನೇಶನ್, ಅಂದರೆ ಆ ನಾಲ್ಕು ಐಚ್ಛಿಕ ವಿಷಯಗಳ ಗುಂಪು, ಆರಿಸುವಾಗ ಹಿಂದಿನಿಂದ ಮುಂದಕ್ಕೆ ಬರಬೇಕು. ಮೊದಲು ಯಾವ ಪದವಿ, ಅದಕ್ಕೆ ಯಾವ ವಿಷಯ ಕಡ್ಡಾಯ, ಎಷ್ಟು ಅಂಕ, ಯಾವ ಪ್ರವೇಶ ಪರೀಕ್ಷೆ ಅನ್ನುವುದು. ಆಮೇಲೆ ಕಾಂಬಿನೇಶನ್. ಕಾಲೇಜು ಮತ್ತು ಬಸ್ಸು ಕೊನೆಗೆ. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಇದು ತಲೆಕೆಳಗು. ಗೆಳತಿ ಯಾವ ಕಾಲೇಜು ಅನ್ನುವುದು ಮೊದಲು, ಪದವಿಯ ಮಾತು ಎರಡು ವರ್ಷದ ನಂತರ.

ನಿಮ್ಮ ಮಗಳ ಗುರಿ ಸ್ಪಷ್ಟ ಇದೆ, ಅರ್ಧ ಕೆಲಸ ಆಗಿಹೋಗಿದೆ. ಬಿಎಸ್ಸಿ ಕೃಷಿಯ ಸೀಟು ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಶುರುವಾದದ್ದು. ಅದರದೇ ಒಂದು ಕೃಷಿ ಕಾಲೇಜು ನಿಮ್ಮ ಜಿಲ್ಲೆಯ ಹನುಮನಮಟ್ಟಿಯಲ್ಲಿದೆ, ರಾಣೆಬೆನ್ನೂರು ತಾಲೂಕು. ಅರಣ್ಯಶಾಸ್ತ್ರ ಓದುವುದಾದರೆ ಶಿರಸಿಯಲ್ಲಿದೆ. ಈ ದಾರಿಗೆ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಹಿಡಿಯುವುದೇ ನಿಶ್ಚಿಂತೆ. ಗಣಿತದ ಜಾಗದಲ್ಲಿ ಬೇರೆ ವಿಷಯ ಕೊಡುವ ಕಾಲೇಜು ನಮ್ಮ ಕಡೆ ಅಪರೂಪ. ಸಿಕ್ಕರೂ ಇಂಜಿನಿಯರಿಂಗ್ ಬಾಗಿಲು ಆವತ್ತೇ ಮುಚ್ಚುತ್ತದೆ. ಇನ್ನೊಂದು ಮಾತು: ರೈತರ ಮಕ್ಕಳಿಗೆ ಕೃಷಿ ಸೀಟುಗಳಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಗುರುತಿಸಿ ಹೇಳುವುದು. ಕುಂಟೆಗೂ ಕೂರಿಗೆಗೂ ವ್ಯತ್ಯಾಸ ಗೊತ್ತಿರುವ ಹುಡುಗಿಗೆ ಇದು ಟ್ಯೂಷನ್ನಿಲ್ಲದೆ ಬರುವ ಅಂಕ.

ಇನ್ನು ಗಣಿತದ ಜ್ವರ. ಗಣಿತ ಬಿಟ್ಟರೂ ಭೌತಶಾಸ್ತ್ರ ಗಣಿತವನ್ನು ಬಿಡುವುದಿಲ್ಲ, ಇದನ್ನು ಮಗಳಿಗೆ ಮೊದಲೇ ಹೇಳಿಬಿಡಿ. ಪ್ರಥಮ ಪಿಯುಸಿಯ ಆರಂಭದ ತಿಂಗಳುಗಳಲ್ಲೇ ಇಳಿಜಾರು ಹಲಗೆಯ ಮೇಲಿಟ್ಟ ಪೆಟ್ಟಿಗೆಯ ಭಾರವನ್ನು ಎರಡು ದಿಕ್ಕಿಗೆ ಒಡೆಯಬೇಕಾಗುತ್ತದೆ. ಹಲಗೆಯ ಗುಂಟ ಕೆಳಗೆಳೆಯುವ ಭಾಗಕ್ಕೆ ಸೈನ್ ಥೀಟಾ, ಹಲಗೆಯನ್ನು ಒತ್ತುವ ಭಾಗಕ್ಕೆ ಕಾಸ್ ಥೀಟಾ. ಇದನ್ನು ಅದಲುಬದಲು ಮಾಡಿದರೆ ಮುಂದಿನ ಇಡೀ ಲೆಕ್ಕ ಕೆಡುತ್ತದೆ. ಭೌತಶಾಸ್ತ್ರ ತಿಳಿಯದೆ ಆಗುವ ತಪ್ಪಲ್ಲ ಇದು, ಹತ್ತನೆಯ ತ್ರಿಕೋನಮಿತಿ ಅರೆಬರೆ ಉಳಿದದ್ದರಿಂದ ಆಗುವುದು. ಲಂಬಕೋನ ತ್ರಿಭುಜ ಬರೆದು, ಯಾವ ಬಾಹು ಎದುರಿನದು, ಯಾವುದು ಪಕ್ಕದ್ದು ಎಂದು ಕೈಯಿಟ್ಟು ತೋರಿಸಲು ಬಂದರೆ ಸಾಕು, ಉಳಿದದ್ದು ಅಭ್ಯಾಸ.

ಜ್ವರ ಎಷ್ಟಿದೆ ಎಂದು ಅಳೆಯಿರಿ. ಹತ್ತನೆಯ ಪುಸ್ತಕದಿಂದ ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಕೋನಮಿತಿ, ನಿರ್ದೇಶಾಂಕ ರೇಖಾಗಣಿತ, ಈ ನಾಲ್ಕು ಅಧ್ಯಾಯಗಳ ಅಭ್ಯಾಸದ ಲೆಕ್ಕಗಳಲ್ಲಿ ಐದೈದು ಆರಿಸಿ, ಗೈಡ್ ಎತ್ತಿಟ್ಟು, ಒಂದೂವರೆ ತಾಸು ಕೊಡಿ. ಇಪ್ಪತ್ತರಲ್ಲಿ ಹನ್ನೆರಡು ಸರಿ ಬಂದರೆ ಅದು ಬರೀ ಹೆದರಿಕೆ, ಪಿಸಿಎಂಬಿಗೆ ಧೈರ್ಯವಾಗಿ ಹಾಕಿ. ಎಂಟಕ್ಕಿಂತ ಕಡಿಮೆ ಬಂದರೆ ಕಾಲೇಜು ಶುರುವಾಗುವವರೆಗೆ ದಿನಾ ಒಂದು ತಾಸು ಈ ನಾಲ್ಕನ್ನೇ ಮಾಡಿಸಿ ಮತ್ತೊಮ್ಮೆ ಅಳೆಯಿರಿ. ಎರಡನೇ ಸಲವೂ ಅಲ್ಲೇ ನಿಂತರೆ ಆಗ ಬೇರೆ ದಾರಿಯ ಮಾತು. ನಮ್ಮ ಅಂದಾಜಿನಲ್ಲಿ ಹೆಚ್ಚಿನ ಮಕ್ಕಳು ಸೋಲುವುದು ಲೆಕ್ಕದಲ್ಲಲ್ಲ, ಮೈನಸ್ ಚಿಹ್ನೆಯಲ್ಲಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಪದ ಒಯ್ಯುವಾಗ ಚಿಹ್ನೆ ಬದಲಿಸದೆ ಹೋಗುವ ಚಾಳಿ ಎರಡು ವಾರದಲ್ಲಿ ಬಿಡುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಅದು ಗಣಿತಕ್ಕಿಂತ ದೊಡ್ಡದು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಸೈನ್ಸಿನ ಮೊದಲ ಮೂರು ತಿಂಗಳಲ್ಲಿ ಕಂಗಾಲಾಗುವುದು ವಿಷಯ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದದ್ದರ ಹೆಸರು ಬದಲಾದದ್ದಕ್ಕೆ. ವೇಗೋತ್ಕರ್ಷ ಅಲ್ಲಿ ಆಕ್ಸಿಲರೇಶನ್. ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್. ಬಹುಪದೋಕ್ತಿ ಪಾಲಿನಾಮಿಯಲ್. 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಮೂರು ಮನೆ ಹಾಕಿಸಿ: ಕನ್ನಡ ಪದ, ಇಂಗ್ಲಿಷ್ ಪದ, ಹತ್ತನೆಯ ಪುಸ್ತಕದ ಪುಟ ಸಂಖ್ಯೆ. ದಿನಕ್ಕೆ ಹತ್ತರಂತೆ ನಲವತ್ತು ದಿನಕ್ಕೆ ನಾನೂರು ಪದ. ಮೂರನೇ ಮನೆ ಬಿಡಬೇಡಿ. ಪದ ಮರೆತಾಗ ಅರ್ಥ ಹುಡುಕಿಕೊಂಡು ಹೋಗುವುದು ತನಗೆ ತಿಳಿದ ಪುಟಕ್ಕೇ ಆಗಬೇಕು. ನೀಟ್ ಬರೆಯುವ ಮನಸ್ಸಾದರೆ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಎರಡು ವರ್ಷ ತರಗತಿಯಲ್ಲಿ ಕೇಳಿದ್ದು ಇಂಗ್ಲಿಷಿನಲ್ಲಾದರೆ ಕೊನೆಗೆ ಕನ್ನಡ ಪತ್ರಿಕೆಯೇ ತೊಡಕಾಗಬಹುದು. ಯಾವುದರಲ್ಲಿ ಬರೆಯುವುದೆಂದು ಮೊದಲೇ ನಿರ್ಧರಿಸಿ, ಅದರಲ್ಲೇ ಅಭ್ಯಾಸ ಮಾಡಿಸಿ.

ಸಂಸ್ಕೃತದ ಮಾತು ಒಂದೇ ಉಸಿರಿಗೆ ಮುಗಿಸುತ್ತೇವೆ. ಅದರಲ್ಲಿ ಅಂಕ ಬರುತ್ತದೆ ಅನ್ನುವುದು ನಿಜ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರೆಯಲೂ ಅವಕಾಶವಿದೆ. ಆದರೆ ಮೇಲೆ ನೋಡಿದಿರಲ್ಲ, ಇಂಜಿನಿಯರಿಂಗ್, ವೈದ್ಯಕೀಯದ ಲೆಕ್ಕಕ್ಕೆ ಭಾಷೆಯ ಅಂಕ ಸೇರುವುದೇ ಇಲ್ಲ. ಕನ್ನಡ ಚೆನ್ನಾಗಿ ಬರುವ ಹುಡುಗಿ ಹೊಸ ವ್ಯಾಕರಣಕ್ಕೆ ತಾಸುಗಟ್ಟಲೆ ಸುರಿಯುವುದು ನಷ್ಟದ ವ್ಯಾಪಾರ. ಬಿಡಬಾರದ್ದು ಇಂಗ್ಲಿಷ್. ವೃತ್ತಿಪರ ಕೋರ್ಸುಗಳಿಗೆ ಇಂಗ್ಲಿಷನ್ನು ಒಂದು ವಿಷಯವಾಗಿ ಓದಿ ಪಾಸಾಗಿರಬೇಕು.

ಕಾಲೇಜಿಗೆ ಹೋದಾಗ ಏನು ಕೇಳಬೇಕು? ಫಲಿತಾಂಶದ ಬ್ಯಾನರ್ ನೋಡಬೇಡಿ, ಲ್ಯಾಬ್ ನೋಡಿ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ 70 ಅಂಕ ಬರವಣಿಗೆಗೆ, 30 ಪ್ರಾಯೋಗಿಕಕ್ಕೆ. ಗಣಿತಕ್ಕೂ ಭಾಷೆಗಳಿಗೂ 80 ಬರವಣಿಗೆ, 20 ಆಂತರಿಕ. ಮೂರು ಲ್ಯಾಬ್ ವಿಷಯ ಸೇರಿ 90 ಅಂಕ ಕಾಲೇಜಿನ ಬೆಂಚಿನ ಮೇಲೆ ಗಳಿಸುವಂಥವು. ಪ್ರಥಮ ಪಿಯುಸಿಯವರಿಗೆ ವಾರಕ್ಕೆ ಎಷ್ಟು ಪ್ರಾಕ್ಟಿಕಲ್, ಟೈಟ್ರೇಶನ್ ಪ್ರತಿಯೊಬ್ಬರೂ ಮಾಡುತ್ತಾರೋ ಇಲ್ಲ ಆರು ಜನ ಒಂದು ಬ್ಯುರೆಟ್ಟಿನ (ಹನಿ ಹನಿಯಾಗಿ ದ್ರಾವಣ ಬಿಡುವ ಅಳತೆಯ ಗಾಜಿನ ಕೊಳವೆ) ಸುತ್ತ ನಿಂತು ನೋಡುತ್ತಾರೋ, ಕೇಳಿ. ಬ್ಯುರೆಟ್ಟಿನ ನಲ್ಲಿ ತಿರುಗಿಸಿ ಬಣ್ಣ ತಿರುಗುವ ಆ ಒಂದು ಹನಿಗೆ ನಿಲ್ಲಿಸುವುದು ನೋಡಿ ಕಲಿಯುವ ಕೆಲಸವಲ್ಲ. ಕೋಚಿಂಗ್ ಜತೆ ಸೇರಿದ ಪಿಯು ಆದರೆ ಬೋರ್ಡ್ ಪಾಠಕ್ಕೆ ಎಷ್ಟು ಪೀರಿಯಡ್ ಉಳಿಯುತ್ತದೆ ಎಂದು ವೇಳಾಪಟ್ಟಿಯನ್ನೇ ತೋರಿಸಲು ಹೇಳಿ. ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಬೋರ್ಡ್ ಅಂಕದ್ದು. ಬೋರ್ಡಿನಲ್ಲಿ 300ಕ್ಕೆ 225, ಸಿಇಟಿಯಲ್ಲಿ 180ಕ್ಕೆ 81 ಬಂದ ಮಗುವಿಗೆ ಎರಡನ್ನೂ ತಲಾ 50ಕ್ಕೆ ಇಳಿಸಿದಾಗ 37.5 ಮತ್ತು 22.5 ಸೇರಿ 60. ಇದರಲ್ಲಿ ಹೆಚ್ಚು ಭಾರ ಹೊತ್ತದ್ದು ಬೋರ್ಡೇ. ಹಾಜರಿ ಶೇ 75ಕ್ಕಿಂತ ಕೆಳಗೆ ಬಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಅದೂ ನೆನಪಿರಲಿ.

ದಿನಾ ಓಡಾಡುವ ಯೋಚನೆ ಇದ್ದರೆ, ಶಕ್ತಿ ಯೋಜನೆಯಲ್ಲಿ ವಾಯವ್ಯ ಸಾರಿಗೆ ಬಸ್ಸಿಗೆ ಮಗಳಿಗೆ ಟಿಕೆಟ್ ಖರ್ಚಿಲ್ಲ, ಆದರೆ ಹೋಗುವ ತಾಸುಗಳು ಓದಿನ ತಾಸುಗಳೇ. ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಪಿಯು ಪ್ರವೇಶವಾದ ಮೇಲೆ ನಿಧಾನಕ್ಕೆ ನೋಡೋಣ ಅನ್ನುವವರಿಗೆ ಸೀಟು ಉಳಿದಿರುವುದಿಲ್ಲ.

ನಿಮ್ಮ ಷಡ್ಕರ ಮಾತಿಗೆ: ಕೆಎಎಸ್‌ಗೆ ಬೇಕಾದದ್ದು ಪದವಿ. ಅದು ಬಿಎ ಆಗಿರಲಿ, ಬಿಎಸ್ಸಿ ಕೃಷಿಯೇ ಆಗಿರಲಿ. ಪಿಯುಸಿಯಲ್ಲಿ ಆರ್ಟ್ಸ್ ಮಾಡಿದ್ದಿರಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸೈನ್ಸ್ ಮುಗಿಸಿ ಬಿಎಗೂ ಐದು ವರ್ಷದ ಕಾನೂನು ಪದವಿಗೂ ಹೋಗಬಹುದು. ಆರ್ಟ್ಸ್ ಮುಗಿಸಿ ಬಿಎಸ್ಸಿ ಕೃಷಿಗೆ ಹೋಗಲಾಗದು. ಹಾಗಂತ ಆರ್ಟ್ಸ್ ಕೀಳೆಂದು ನಾವು ಹೇಳುತ್ತಿಲ್ಲ. ಇತಿಹಾಸ, ರಾಜ್ಯಶಾಸ್ತ್ರ ಮನಸ್ಸಿಟ್ಟು ಓದುವವಳಿಗೆ ಅದೇ ಸರಿ. ನಿಮ್ಮ ಮಗಳಿಗೆ ಜೀವಶಾಸ್ತ್ರ ಅಂದರೆ ಪ್ರಾಣ ಅನ್ನುವಾಗ ಆ ಮಾತು ಇಲ್ಲಿ ಹೊಂದುವುದಿಲ್ಲ.

ಕಾಂಬಿನೇಶನ್ ತಪ್ಪಾಯಿತು ಅನಿಸಿದರೆ ಮೊದಲ ತಿಂಗಳಲ್ಲೇ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಬೇಕು. ದಸರೆಯ ನಂತರ ಎಚ್ಚೆತ್ತರೆ ವರ್ಷ ಹೋದಂತೆಯೇ.

ಕೊಪ್ಪಳದ ಸಲಹೆ ಕೆಲಸಕ್ಕೆ ಬಾರದು. 371ಜೆ ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಆ ವಿಧಿಯಡಿ ಇರುವ ಮೀಸಲಾತಿ, ಅದು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ. ಪಕ್ಕದ ಗದಗಕ್ಕೂ ಇಲ್ಲ, ಹಾವೇರಿಗೂ ಇಲ್ಲ. ಎರಡು ವರ್ಷ ಅಲ್ಲಿ ಪಿಯು ಓದಿದ ಮಾತ್ರಕ್ಕೆ ಆ ಪ್ರದೇಶದವರೆಂಬ ಹಕ್ಕು ಬರುವುದಿಲ್ಲ. ನಿಮ್ಮ ಕೈಯಲ್ಲಿ ಆಗಲೇ ಇರುವುದು ಬೇರೆ ಎರಡು: ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಹತ್ತೂ ವರ್ಷ ಪೂರ್ತಿ ಇರಬೇಕು, ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಹಾಕಿದ್ದರೂ ಗ್ರಾಮೀಣ ಕೋಟಾ ಇಲ್ಲ. ಪಿಯುಗೆ ಹುಬ್ಬಳ್ಳಿಗೆ ಬಂದರೆ ಇವು ತಪ್ಪುವುದಿಲ್ಲ. ಎರಡೂ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ ಬೇಕು. ಟಿಸಿ ತರಲು ಶಾಲೆಗೆ ಹೋದ ದಿನವೇ ಕೇಳಿ ಪಡೆಯಿರಿ. ಅದೇ ಸುತ್ತಿನಲ್ಲಿ ನಾಡಕಚೇರಿಗೆ ಹೋಗಿ ಜಾತಿ-ಆದಾಯ ಪತ್ರಕ್ಕೂ ಅರ್ಜಿ ಹಾಕಿ. ಸಿಇಟಿ ಅರ್ಜಿಯಲ್ಲಿ ಆ ಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ತುಂಬಬೇಕಾಗುತ್ತದೆ. ಅರ್ಜಿ ಬರೆಯುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎದುರಿಗಿಟ್ಟುಕೊಂಡು ಮಗಳ ಹೆಸರು, ಇನಿಷಿಯಲ್, ನಿಮ್ಮ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ತಿದ್ದಿಸಲು ಈಗ ಎರಡು ವರ್ಷ ಸಮಯವಿದೆ, ಆಗ ಎರಡು ದಿನ ಇರುತ್ತದೆ.