‘ಓನ್’ ಅಂದರೆ ಸ್ವಂತ ಅಲ್ವಾ, ‘ಓನ್ ಅಪ್ ಟು’ ಅಂದರೆ ತಪ್ಪೊಪ್ಪಿಕೊಳ್ಳುವುದು ಹೇಗಾಯ್ತು?

‘ಹೌದು, ಇದನ್ನು ಮಾಡಿದ್ದು ನಾನೇ’ ಎಂದು ತಾನಾಗಿ ಹೇಳುವುದೇ ‘ಓನ್ ಅಪ್ ಟು’. ತಪ್ಪನ್ನು ‘ನನ್ನದು’ ಅಂದರೆ ಒಪ್ಪಿಕೊಂಡ ಹಾಗೇ ತಾನೆ? ಹಾಗಾಗಿ ‘ಓನ್’ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ‘ಒಪ್ಪಿಕೋ’ ಎಂಬ ಅರ್ಥ ಹಿಂದಿನಿಂದಲೂ ಇದೆ. ‘ಅಪ್’ ಸೇರಿದ್ದು ‘ಪೂರ್ತಿಯಾಗಿ’ ಎಂಬ ಒತ್ತಿಗೆ. ‘ಈಟ್ ಅಪ್’ ಅಂದರೆ ತಟ್ಟೆ ಖಾಲಿ ಮಾಡು ಅಂತಲ್ವಾ, ಹಾಗೆ.

ಮೇಷ್ಟ್ರು ‘ಕಿಟಕಿ ಗಾಜು ಒಡೆದವರು ಯಾರು?’ ಎಂದು ಕೇಳುತ್ತಾರೆ. ಕ್ಲಾಸೆಲ್ಲ ಗಪ್‌ಚುಪ್. ಹಿಂದಿನ ಬೆಂಚಿನ ಹುಡುಗ ಮೆಲ್ಲಗೆ ಎದ್ದು ‘ನಾನೇ ಸಾರ್’ ಎನ್ನುತ್ತಾನೆ. ಇದು ಓನ್ ಅಪ್. ಕೈಯಲ್ಲಿ ಕಲ್ಲಿನ ಸಮೇತ ಸಿಕ್ಕಿಬಿದ್ದು, ಬೇರೆ ದಾರಿಯಿಲ್ಲದೆ ತಲೆಯಾಡಿಸಿದರೆ ‘ಅಡ್ಮಿಟ್’ ಅನ್ನುವುದೇ ಜಾಸ್ತಿ ಹೊಂದುತ್ತದೆ.

ನಮ್ಮಲ್ಲಿ ಬಹಳ ಜನ ಎಡವುವುದು ‘ಟು’ ಹತ್ತಿರ. ‘ಹೀ ಓನ್ಡ್ ಅಪ್ ಟು ಬ್ರೇಕ್ ದ ಗ್ಲಾಸ್’ ತಪ್ಪು. ‘ಟು ಬ್ರೇಕಿಂಗ್ ದ ಗ್ಲಾಸ್’ ಆಗಬೇಕು. ಈ ‘ಟು’ ನಮ್ಮ ‘-ಗೆ’ ಪ್ರತ್ಯಯದಂಥದ್ದು. ಅದರ ಮುಂದೆ ನಾಮಪದ ಬರಬೇಕು, ಇಲ್ಲವೇ ‘ಇಂಗ್’ ರೂಪ. ಏನು ತಪ್ಪು ಅಂತ ಮೊದಲೇ ಗೊತ್ತಿದ್ದರೆ ಸುಮ್ನೆ ‘ಹೀ ಓನ್ಡ್ ಅಪ್’ ಅಂದರೂ ಸಾಕು.