ಆರ್‌ಎಸ್‌ಎ ಸರ್ಟಿಫಿಕೇಟ್ ಈಗಲೇ ಬದಲಿಸಬೇಕಾ?

ಸರ್, ದಾವಣಗೆರೆ ಮೆಕ್ಕೆಜೋಳ ವ್ಯಾಪಾರಿಗಳಿಗೆ ನೀವು ಮಾಡಿಕೊಟ್ಟ ವೆಬ್‌ಸೈಟ್‌ನ ಆರ್‌ಎಸ್‌ಎ ಸರ್ಟಿಫಿಕೇಟನ್ನು (ಸೈಟ್ ಅಸಲಿ ಅಂತ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದಿಂದ ತೋರಿಸುವ ದಾಖಲೆ), ಮುಂದೆ ಕ್ವಾಂಟಮ್ ಕಂಪ್ಯೂಟರ್ ಅದನ್ನು ಮುರಿಯಬಹುದೆಂಬ ಭಯಕ್ಕೆ ಈಗಲೇ ತೆಗೆಯಬೇಕಾ ಅಂತ ಕೇಳಿದ್ದೀರಿ. ಬೇಡ. ಮೊದಲು ಬದಲಾಗಬೇಕಾದ್ದು ಸರ್ಟಿಫಿಕೇಟ್ ಅಲ್ಲ, ಕೀ ವಿನಿಮಯ, ಅಂದ್ರೆ ಡೇಟಾ ಮುಚ್ಚಿಡುವ ಗುಟ್ಟಿನ ಕೀಯನ್ನು ಬ್ರೌಸರ್ ಮತ್ತು ಸರ್ವರ್ ಸೇರಿ ಗೊತ್ತು ಮಾಡಿಕೊಳ್ಳುವ ವಿಧಾನ.

ಯಾಕೆ ಅಂದ್ರೆ, ಇವತ್ತು ನಿಮ್ಮ ಸೈಟಿಗೆ ಹೋಗಿ ಬರುವ ಡೇಟಾವನ್ನು ಯಾರಾದರೂ ಸುಮ್ನೆ ತುಂಬಿಟ್ಟುಕೊಂಡು, ಮುಂದೆ ದೊಡ್ಡ ಕ್ವಾಂಟಮ್ ಯಂತ್ರ ಬಂದಾಗ ಬಿಚ್ಚಿ ಓದಬಹುದು, ಅದರಲ್ಲಿ ರೈತರ ಬ್ಯಾಂಕ್ ಖಾತೆ ವಿವರವೂ ಇರುತ್ತದೆ ಅಲ್ವಾ? ಸರ್ಟಿಫಿಕೇಟಿನಲ್ಲಿರುವ ಡಿಜಿಟಲ್ ಸಹಿಯ ಕಥೆ ಬೇರೆ. ಅವಧಿ ಮುಗಿದ ಸರ್ಟಿಫಿಕೇಟಿನ ಸಹಿಯನ್ನು ಆಮೇಲೆ ನಕಲು ಮಾಡಿದರೂ ಇವತ್ತಿನ ವ್ಯವಹಾರಕ್ಕೆ ಏನೂ ಆಗುವುದಿಲ್ಲ.

ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ, ಕ್ವಾಂಟಮ್ ಯಂತ್ರಕ್ಕೂ ಜಗ್ಗದಂತೆ ರೂಪಿಸಿದ ಮೂರು ಮಾನದಂಡ ಕೊಟ್ಟಿದೆ. ಕೀ ವಿನಿಮಯಕ್ಕೆ ಎಂಎಲ್-ಕೆಇಎಂ, ಸಹಿಗೆ ಎಂಎಲ್-ಡಿಎಸ್‌ಎ ಮತ್ತು ಎಸ್‌ಎಲ್‌ಎಚ್-ಡಿಎಸ್‌ಎ. ಸಹಿಯ ತೊಂದರೆ ಗಾತ್ರದ್ದು. 2048 ಬಿಟ್ ಆರ್‌ಎಸ್‌ಎ ಸಹಿ 256 ಬೈಟ್, ಎಂಎಲ್-ಡಿಎಸ್‌ಎಯಲ್ಲಿ ಎಲ್ಲಕ್ಕಿಂತ ಚಿಕ್ಕದೇ 2,420 ಬೈಟ್. ಒಂದೇ ಸಂಪರ್ಕದಲ್ಲಿ ಇಂಥ ಹಲವು ಸಹಿ ಹೋಗುತ್ತವೆ, ಜಗಳೂರು ಕಡೆ ಸಿಗ್ನಲ್ ಕಡಿಮೆ ಇರುವ ಹೊಲದಲ್ಲಿ ನಿಂತು ದರ ನೋಡುವವರಿಗೆ ಇದು ಜಾಸ್ತಿಯೇ.

ಈಗ ಮಾಡಬೇಕಾದ್ದು ಇಷ್ಟು. ಸರ್ವರ್‌ನ ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ ಅನ್ನು 3.5ಕ್ಕೆ ಏರಿಸಿ, ಸಂಪರ್ಕ ಭದ್ರವಾಗಿಡುವ ನಿಯಮಾವಳಿ ಟಿಎಲ್‌ಎಸ್‌ನ 1.3 ಆವೃತ್ತಿ ಇಡಿ, ಹಳೆಯ ವಿಧಾನದ ಜೊತೆ ಎಂಎಲ್-ಕೆಇಎಂ ಸೇರಿಸಿದ ಕೀ ವಿನಿಮಯ ಎಕ್ಸ್25519ಎಂಎಲ್‌ಕೆಇಎಂ768 ಆನ್ ಆಗಿದೆಯಾ ನೋಡಿ. ಕ್ರೋಮ್ ಬ್ರೌಸರ್ ಅದನ್ನು ಆಗಲೇ ಬಳಸುತ್ತಿದೆ. ಸರ್ಟಿಫಿಕೇಟ್ ನವೀಕರಣವನ್ನು ತಾನಾಗೇ ಆಗುವಂತೆ ಮಾಡಿಡಿ, ಮುಂದೆ ಹೊಸ ಬಗೆಯದು ಬಂದಾಗ ಬದಲಿಸುವುದು ಸುಲಭ. ಆದರೆ ತೂಕದ ಯಂತ್ರಗಳಿಗೆ ನಿಮ್ಮದೇ ರೂಟ್ ಕೀ (ಸಹಿ ಅಸಲಿಯಾ ಅಂತ ಯಂತ್ರ ಪರೀಕ್ಷಿಸಲು ನಂಬುವ ಮೂಲ ಕೀ) ಹಾಕಿ ಹದಿನೈದು ವರ್ಷ ಬದಲಿಸದೆ ಬಿಡುವ ಯೋಚನೆ ಇದ್ದರೆ, ಅದಕ್ಕೆ ಮಾತ್ರ ಈಗಲೇ ಹೊಸ ಸಹಿ ಬೇಕು.