ಸೀಟು ಎರಡು, ಶನಿವಾರ ಒಂದೇ

ಪಿ.ಜಿ. ಸೀಟು ಹಂಚಿಕೆ ಶುರುವಾದರೆ ಮಂಗಳೂರಿನ ಆಪ್ತಸಲಹೆಗಾರರ ಮುಂದೆ ಪ್ರತಿವರ್ಷ ಬರುವ ಪ್ರಶ್ನೆ: ಕೊಣಾಜೆಯ ಮಂಗಳೂರು ವಿ.ವಿ.ಯೋ, ಮೈಸೂರು ವಿ.ವಿ.ಯೋ? ಹಾಗೆ ನನ್ನ ಬಳಿ ಸಲಹೆಗೆ ಬಂದ ಒಬ್ಬ ಹುಡುಗಿ ಬೆಳ್ತಂಗಡಿ ಕಡೆಯವಳು ಎಂದಿಟ್ಟುಕೊಳ್ಳಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಎರಡೂ ಕಡೆ ಸೀಟು. ಅಪ್ಪನದು ಕೊಣಾಜೆಯ ಹಟ, ಮಗಳದು ಮೈಸೂರು ವಿ.ವಿ.ಯ ಕ್ಯಾಂಪಸ್ ಮಾನಸಗಂಗೋತ್ರಿ. ಕಾರಣ? "ಅಲ್ಲಿ ಕ್ಯಾಂಪಸ್ ಕಲ್ಚರ್ ಚೆಂದ ಉಂಟು ಮೇಡಂ."

ಆ ಕ್ಯಾಂಪಸ್ ಪಕ್ಕದ ಕುಕ್ಕರಹಳ್ಳಿ ಕೆರೆಯ ರೀಲ್ಸ್ ನೋಡಿದವರೆಲ್ಲ ಹಾಗೇ ಹೇಳುವುದು. ಮೆಸ್ಸಿನ ಸಾಲಿನ ರೀಲ್ಸ್ ಯಾರೂ ಹಾಕುವುದಿಲ್ಲ.

ಅವಳಿಗೆ ವಿಕಿರಣ ಭೌತಶಾಸ್ತ್ರದಲ್ಲಿ ಆಸಕ್ತಿ. ಕೊಣಾಜೆಯಲ್ಲಿ ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಮೈಕ್ರೊಟ್ರಾನ್ ಎಂಬ ಯಂತ್ರ ಇದೆ, ಪರಿಸರ ವಿಕಿರಣಶೀಲತೆಯ ಸಂಶೋಧನಾ ಕೇಂದ್ರವೂ ಇದೆ. ಮೈಸೂರಿನಲ್ಲಿ ಸ್ಫಟಿಕ ರಚನೆಯ ಅಧ್ಯಯನಕ್ಕೆ ಹಳೆಯ ಹೆಸರು. ಅವಳ ಆಸಕ್ತಿಗೆ ಕೊಣಾಜೆಯೇ ಹೊಂದುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೂ ಮೈಸೂರೇ ಬೇಕಂತೆ.

ಎರಡನೇ ಭೇಟಿಯಲ್ಲಿ ವಿ.ವಿ.ಗಳ ಮಾತು ಬಿಟ್ಟು, ಡಿಗ್ರಿಯಲ್ಲಿ ಕಾಲೇಜು ಬಿಟ್ಟ ಮೇಲೆ ಎಂತ ಮಾಡ್ತಿದ್ದೆ ಎಂದು ಕೇಳಿದೆ.

"ಐದು ಗಂಟೆಯ ಬಸ್ಸು."

ಸೆಮಿನಾರು, ಫೆಸ್ಟು?

"ಒಂದಕ್ಕೂ ನಿಂತದ್ದಿಲ್ಲ. ಶನಿವಾರ ಮಧ್ಯಾಹ್ನದಿಂದ ಅಂಗಡಿಯಲ್ಲಿ ಕೂತ್ಕೊಳ್ಬೇಕು, ಲೆಕ್ಕ ನಾನೇ ಬರೆಯುವುದು. ಕೊಣಾಜೆ ಆದ್ರೆ ಅಪ್ಪ ಶನಿವಾರ ಬಾ ಅಂತಾರೆ. ಮೈಸೂರಿಂದ ಹೇಗೂ ಬರ್ಲಿಕ್ಕಾಗುದಿಲ್ಲ ಅಲ್ವಾ?"

ಅವಳು ಆರಿಸಿಕೊಂಡದ್ದು ಮೈಸೂರನ್ನಲ್ಲ, ಮಧ್ಯದ 250 ಕಿ.ಮೀ. ದೂರವನ್ನು.

ನಾನು ಕೊಟ್ಟ ಸಲಹೆ: ಮೊದಲು ಅಪ್ಪನ ಹತ್ತಿರ ಶನಿವಾರದ ವಿಷಯ ತೀರ್ಮಾನವಾಗಲಿ, ಆಮೇಲೆ ಸೀಟು. ಹಾಸ್ಟೆಲಿನಲ್ಲೇ ಇದ್ದು ತಿಂಗಳಿಗೆ ಎರಡು ಶನಿವಾರ ಮಾತ್ರ ಮನೆಗೆ ಎಂದು ಅಪ್ಪ ಒಪ್ಪಿದರೆ ಕೊಣಾಜೆ. ಒಪ್ಪದಿದ್ದರೆ ಕಣ್ಣುಮುಚ್ಚಿ ಮೈಸೂರು. "ಮಗಳನ್ನು ಮನೆಯಿಂದ ದೂರ ಮಾಡ್ತೀರಿ" ಎಂಬ ಆಕ್ಷೇಪ ಬರುತ್ತದೆಂದು ಗೊತ್ತಿದ್ದೇ ಹೇಳಿದೆ. ಅತಿಥಿ ಉಪನ್ಯಾಸದ ನಂತರದ ಮಾತುಕತೆ, ಸೀನಿಯರ್ ಜೊತೆ ಲ್ಯಾಬಿನಲ್ಲಿ ಕಳೆಯುವ ಸಂಜೆ, ಇವೇ ಅವಕಾಶಗಳು. ಇವು ಬಸ್ಸಿನ ಸಮಯ ನೋಡಿ ಬರುವುದಿಲ್ಲ. ದೇಶದ ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ಪನ್ನೇ ನೋಡಿ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ, ಅಧ್ಯಾಪಕರ ಶಿಫಾರಸು ಪತ್ರ ಬೇಕು. ತರಗತಿ ಶುರುವಾಗಿ ಹೆಚ್ಚು ದಿನ ಆಗಿರುವುದಿಲ್ಲ. ನಿಮ್ಮ ಮುಖ ಪರಿಚಯವೂ ಇಲ್ಲದ ಅಧ್ಯಾಪಕರು ಏನೆಂದು ಬರೆಯಬೇಕು?

ಎರಡೂ ಕ್ಯಾಂಪಸ್ಸಿಗೆ ಹೋಗಿ ಬರಲು ಹೇಳಿದೆ. ಭಾನುವಾರ ಬೇಡ, ಪ್ರವೇಶದ ಗಡಿಬಿಡಿಯ ದಿನವೂ ಬೇಡ. ವಾರದ ನಡುವೆ, ಮಧ್ಯಾಹ್ನ ಮೂರರಿಂದ ಏಳರವರೆಗೆ. ಐದರ ನಂತರ ಲ್ಯಾಬಿನಲ್ಲಿ ದೀಪ ಇದೆಯೇ, ವಿಭಾಗದ ನೋಟಿಸ್ ಬೋರ್ಡಿನಲ್ಲಿ ಕೊನೆಯ ಚೀಟಿ ಯಾವ ತಾರೀಖಿನದು, ರೀಡಿಂಗ್ ರೂಮು ಎಷ್ಟಕ್ಕೆ ಬಾಗಿಲು ಹಾಕುತ್ತದೆ, ಕತ್ತಲಾದ ಮೇಲೆ ಅಲ್ಲಿಂದ ಹಾಸ್ಟೆಲಿಗೆ ಹುಡುಗಿಯರು ಹೇಗೆ ಹೋಗುತ್ತಾರೆ ಎಂದು ನೋಡಬೇಕು. ಎರಡನೇ ವರ್ಷದವರನ್ನು "ಕಾಲೇಜು ಹೇಗೆ?" ಎಂದರೆ "ಪರವಾಗಿಲ್ಲ" ಎನ್ನುತ್ತಾರೆ, ಪ್ರಯೋಜನವಿಲ್ಲ. "ಪ್ರಾಜೆಕ್ಟಿನ ಗೈಡ್ ಯಾವಾಗ ಗೊತ್ತಾಯ್ತು? ಉಪಕರಣ ನೀವೇ ಮುಟ್ಟಿದಿರಾ?" ಎಂದು ಕೇಳಬೇಕು.

ಅಪ್ಪ ಒಂದು ದಿನ ತಾವೇ ಬಂದು ಕುಳಿತರು. ಕ್ಯಾಂಪಸ್ಸಿನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. "ಜಿ.ಎಸ್.ಟಿ. ಲೆಕ್ಕ ಯಾರು ನೋಡುದು?" ಎಂದಷ್ಟೇ ಕೇಳಿದರು. ಲೆಕ್ಕಕ್ಕೆ ಜನ ಸಿಗುತ್ತಾರೆ, ಈ ಎರಡು ವರ್ಷ ಅವಳಿಗೆ ಮತ್ತೆ ಸಿಗುವುದಿಲ್ಲ ಎಂದೆ. ಕೊನೆಗೆ ತಿಂಗಳಿಗೆ ಎರಡು ಶನಿವಾರಕ್ಕೆ ಒಪ್ಪಿ, ಹಾಸ್ಟೆಲ್ ಅರ್ಜಿಗೆ ಸಹಿ ಹಾಕಿದರು. ಅವಳು ಕೊಣಾಜೆಗೇ ಸೇರಿದಳು.

ಒಂದು ಕಡೆ ಫೀಸು ಕಟ್ಟಿ ಆಗಿದೆ, ಇನ್ನು ಬದಲಿಸುವುದು ಹೇಗೆ ಎನ್ನುವವರಿಗೆ: ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ ಸಣ್ಣ ಪ್ರಕ್ರಿಯಾ ಶುಲ್ಕ ಮಾತ್ರ ಕಳೆದು ಉಳಿದ ಫೀಸೆಲ್ಲ ವಾಪಸ್, ಆ ದಿನ ಕಳೆದು 30 ದಿನ ಮೀರಿದರೆ ಏನೂ ಇಲ್ಲ. ಆಯಾ ವರ್ಷದ ಸುತ್ತೋಲೆ ನೋಡಿಕೊಂಡು, ಬಿಡುವ ಅರ್ಜಿಗೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಳ್ಳಿ.